ಎಸಿ-ಡಿಸಿ ರಾಕ್ ಬ್ಯಾಂಡ್‌ನ ಕವರ್ ಹಾಡಿನ ಗಿಟಾರ್ ಟೋನ್ ಸರಿಯಾದದ್ದು ಹೀಗೆ

ಮನೆಯಲ್ಲಿ ಒಬ್ಬನೇ ನುಡಿಸಿದರೆ ಟೋನ್ ಭರ್ಜರಿ. ನಮ್ಮ ಬ್ಯಾಂಡ್ ಜೊತೆ ಶುರು ಮಾಡಿದರೆ ಗಿಟಾರ್ ಕೇಳಿಸುವುದೇ ಇಲ್ಲ. ಓಪನ್ ಕಾರ್ಡ್‌ಗಳ (ಬೆರಳಿಡದ ತಂತಿಗಳೂ ಸೇರಿ ಒಟ್ಟಿಗೆ ನುಡಿಯುವವು) ಸ್ವರಗಳು ಕಲಸಿಹೋಗುತ್ತವೆ, ಒಂದೊಂದೂ ಬಿಡಿಯಾಗಿ ಬರುವುದಿಲ್ಲ.

ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಬದಲಿಸಿದೆ, ಆಗಲಿಲ್ಲ. ಹೊಸ ತಂತಿ ಹಾಕಿದೆ, ಸ್ವಲ್ಪ ಹೊಳಪು ಬಂತು ಅಷ್ಟೇ. ರಿವರ್ಬ್ (ಪ್ರತಿಧ್ವನಿ) ಸೇರಿಸಿದಾಗ ಇನ್ನೂ ಕೆಟ್ಟಿತು. ಆಂಪ್ ವಾಲ್ಯೂಮ್ ಸುಮ್ನೆ ಏರಿಸಿದರೆ ಬೇಸ್ ಗಿಟಾರ್ ಮುಳುಗಿತು.

ಕೊನೆಗೆ ಕೆಲಸ ಮಾಡಿದ್ದು ಗೇನ್ (ಸದ್ದು ಎಷ್ಟು ಒರಟಾಗಬೇಕು ಅನ್ನುವ ಆಂಪ್ ನಾಬ್) ಇಳಿಸಿದ್ದು. ಎಸಿ-ಡಿಸಿಯವರ ರೆಕಾರ್ಡಿಂಗ್‌ಗಳಲ್ಲಿ ಎರಡು ಗಿಟಾರ್ ಇರುತ್ತವೆ. ಆ ದಪ್ಪವನ್ನು ಒಂದೇ ಗಿಟಾರ್‌ನಲ್ಲಿ ತರಲು ಗೇನ್ ಜಾಸ್ತಿ ಮಾಡಬೇಕು ಅನಿಸುತ್ತದೆ. ಆದರೆ ಅವರ ರಿದಂ ಟೋನ್‌ನಲ್ಲಿ ಗೇನ್ ತುಂಬಾ ಕಡಿಮೆ. ಗಡುಸು ಬರುವುದು ಬಲಗೈಯ ಹೊಡೆತದಿಂದ.

ಮಾರ್ಷಲ್ ಬಗೆಯ ಆಂಪ್, ಬ್ರಿಡ್ಜ್ ಹಂಬಕರ್ (ತಂತಿಯ ಸದ್ದು ಹಿಡಿಯುವ, ಬ್ರಿಡ್ಜ್ ಹತ್ತಿರದ ಪಿಕಪ್), ಪೆಡಲ್ ಪೂರ್ತಿ ಆಫ್. ಸೆಟ್ಟಿಂಗ್ ಮಾಡುವುದು ಡ್ರಮ್, ಬೇಸ್ ಗಿಟಾರ್ ನುಡಿಯುತ್ತಿರುವಾಗಲೇ. ಇದು ಮುಖ್ಯ. ಮೊದಲು ಆಂಪ್‌ನ ಬೇಸ್ ನಾಬ್ 3ಕ್ಕೆ ಇಳಿಸಿ. ದಪ್ಪ ಇ ತಂತಿ ಸುಮಾರು 82 ಹರ್ಟ್ಜ್, ಅಲ್ಲಿ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ಆಗಲೇ ತುಂಬಿರುತ್ತವೆ. ಆಮೇಲೆ ಮಿಡ್ 7, ಟ್ರೆಬಲ್ 6, ಪ್ರೆಸೆನ್ಸ್ 5. ಗೇನ್ ಕೊನೆಗೆ: ಸೊನ್ನೆಯಿಂದ ಏರಿಸುತ್ತಾ, ಎ ಕಾರ್ಡ್‌ನ ಎಲ್ಲ ಸ್ವರವೂ ಇನ್ನೂ ಬಿಡಿಯಾಗಿ ಕೇಳುವ ಕೊನೆಯ ಹಂತದಲ್ಲಿ ನಿಲ್ಲಿಸಿ. ನನ್ನ ಆಂಪ್‌ನಲ್ಲಿ ಅದು 4. ಕಡಿಮೆಯಾದ ಸದ್ದನ್ನು ಮಾಸ್ಟರ್ ವಾಲ್ಯೂಮ್‌ನಿಂದ ತುಂಬಿಸಿ.

ಒಬ್ಬನೇ ಇದ್ದಾಗ ಈ ಟೋನ್ ಒಣಒಣ ಅನಿಸುತ್ತದೆ. ಮುಟ್ಟಬೇಡಿ. ಸೋಲೋಗೆ ಮಾತ್ರ ಕ್ಲೀನ್ ಬೂಸ್ಟ್ (ಒರಟು ಸೇರಿಸದೆ ಸದ್ದು ಏರಿಸುವ ಪೆಡಲ್) ಸಾಕು.