ಗಡಿಯಾರ ನೋಡಿ ಉಂಡು ತೂಕ ಮರಳಿಸಿಕೊಂಡದ್ದು

ಮೀಥೈಲ್‌ಫೆನಿಡೇಟ್ (ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ತೊಂದರೆಗೆ ಕೊಡುವ, ಹಸಿವನ್ನೂ ಕುಗ್ಗಿಸುವ ಮಾತ್ರೆ) ಆರಂಭಿಸಿದ ಮೊದಲ ನಾಲ್ಕು ತಿಂಗಳಲ್ಲಿ ನನ್ನ ತೂಕ ಸುಮಾರು 6 ಕಿಲೋ ಇಳಿದಿತ್ತು. ಪ್ರಮಾಣ ತಗ್ಗಿಸದೆ ಗತಿಯಿಲ್ಲವೆಂದು ಇದೇ ಮಾತ್ರೆ ತೆಗೆದುಕೊಳ್ಳುವ ಗೆಳೆಯರಿಬ್ಬರು ಹೇಳಿದ್ದರು. ಪ್ರಮಾಣ ಇಂದಿಗೂ ತಗ್ಗಿಸಿಲ್ಲ, ತೂಕ ಮರಳಿದೆ. ಅದಕ್ಕಾಗಿಯೇ ತುಸು ಹೆಮ್ಮೆಯಿಂದ ಇದನ್ನು ಬರೆಯುತ್ತಿದ್ದೇನೆ.

ಹಸಿವಾಗಲೆಂದು ಕಾದದ್ದೇ ನನ್ನ ಮೊದಲ ತಪ್ಪು. ಮಧ್ಯಾಹ್ನ ತಟ್ಟೆ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಪೌಷ್ಟಿಕ ಪುಡಿಗಳಿಗೆ ಸುರಿದ ಹಣದಲ್ಲಿ ಹೆಚ್ಚುಕಡಿಮೆ ಮೂರು ತಿಂಗಳ ಮಾತ್ರೆ ಬರುತ್ತಿತ್ತು. ಮೂರು ಡಬ್ಬಗಳಲ್ಲಿ ಎರಡು ಗಂಟುಕಟ್ಟಿ ಕಸಕ್ಕೆ ಹೋದವು. ಹತಾಶೆಯಲ್ಲಿ ಒಂದು ದಿನ, ನಿಧಾನವಾಗಿ ಔಷಧ ಬಿಡುವ ಆ ಮಾತ್ರೆಯನ್ನೇ ಮುರಿದು ಅರ್ಧ ನುಂಗಿದೆ. ಮುರಿದೊಡನೆ ಅದರ ನಿಧಾನವೇ ಹೋಗುತ್ತದೆಂಬುದನ್ನು ಎರಡು ಗಂಟೆ ಡವಗುಟ್ಟಿದ ಎದೆ ಕಲಿಸಿತು. ವೈದ್ಯರ ಬೈಗುಳ ಬೇರೆ.

ಆಮೇಲೆ ಗಡಿಯಾರವನ್ನು ನಂಬಿದೆ. ಎದ್ದೊಡನೆ, ಮಾತ್ರೆಗೆ ಮುಂಚೆಯೇ, ದಿನದ ದೊಡ್ಡ ಊಟ. ಮಧ್ಯಾಹ್ನ ಅಗಿಯುವ ಗೋಜಿಲ್ಲದೆ ಕುಡಿಯುವಂಥದ್ದು ಒಂದು ದೊಡ್ಡ ಲೋಟ. ಔಷಧದ ಪ್ರಭಾವ ಇಳಿದ ಮೇಲೆ, ರಾತ್ರಿ 8ಕ್ಕೆ, ಇನ್ನೊಂದು ಊಟ. ಲೋಟದಲ್ಲಿ ಏನಿರುತ್ತದೆಂದು ಹೇಳಲಾರೆ, ಅದು ನನ್ನ ಗುಟ್ಟು. ತಣ್ಣಗಿರಬೇಕು ಎಂಬಷ್ಟು ಸುಳಿವು ಸಾಕು.

ನಿದ್ದೆಯ ವಿಷಯದಲ್ಲಿ ತಪ್ಪು ಪೂರ್ತಿ ನನ್ನದೇ. ಹತ್ತು ಹನ್ನೆರಡು ಗಂಟೆ ಕೆಲಸ ಮಾಡುವ ಮಾತ್ರೆಯನ್ನು ಬೆಳಿಗ್ಗೆ 10.30ಕ್ಕೆ ನುಂಗಿ, ರಾತ್ರಿ ಕಣ್ಣು ಮುಚ್ಚುತ್ತಿಲ್ಲವೆಂದು ದೂರುತ್ತಿದ್ದೆ. 7ಕ್ಕೆ ಸರಿಸಿದ ವಾರವೇ ನಿದ್ದೆ ಬಂದಿತು, ಆದರೆ ಸಂಜೆ 5ರ ಹೊತ್ತಿಗೆ ಔಷಧ ಇಳಿಯುವಾಗಿನ ಸಿಡುಕು ಮನೆಯವರೆಲ್ಲರ ಮೇಲೆ ಎರಗತೊಡಗಿತು. ಮಧ್ಯಾಹ್ನ 3.30ಕ್ಕೆ, ನಾಲ್ಕು ಗಂಟೆಯೊಳಗೆ ಮುಗಿಯುವ ಸಣ್ಣ ಪ್ರಮಾಣವೊಂದನ್ನು ಸೇರಿಸಬಹುದೇ ಎಂದು ಕೇಳಿದಾಗ ವೈದ್ಯರು ಮೊದಲು ಒಪ್ಪಲಿಲ್ಲ, ನಿದ್ದೆ ಮತ್ತೆ ಕೆಡುತ್ತದೆ ಎಂದರು. ಮೂರು ವಾರ ಗಂಟೆಗಂಟೆಗೆ ಬರೆದಿಟ್ಟ ಪುಸ್ತಕವನ್ನು ಮುಂದಿಟ್ಟೆ. ರಕ್ತದೊತ್ತಡ ನೋಡಿ, ಎರಡು ವಾರದ ಮಟ್ಟಿಗೆ ಎಂದು ಬರೆದುಕೊಟ್ಟರು. ಅದೇ ಚೀಟಿ ಈಗಲೂ ಮುಂದುವರಿದಿದೆ.

ನಡುವೆ ಕಾಫಿ ಬಿಟ್ಟೂ ನೋಡಿದೆ. ಮೂರು ದಿನದ ತಲೆನೋವಿಗೆ ಮಾತ್ರೆಯನ್ನು ಶಪಿಸಿದ್ದೆ, ಕಾರಣ ಕಾಫಿ ಬಿಟ್ಟದ್ದಾಗಿತ್ತು. ಕೂತಾಗಿನ ಎದೆಬಡಿತ 98ರ ಆಸುಪಾಸಿನಿಂದ 85ಕ್ಕೆ ಇಳಿಯಿತು. ಅದೇ ವಾರ ನೀರು ಕುಡಿಯುವುದನ್ನೂ ಹೆಚ್ಚಿಸಿದ್ದರಿಂದ ಶ್ರೇಯಸ್ಸು ಯಾವುದಕ್ಕೆ ಸಲ್ಲಬೇಕೋ ಹೇಳಲಾಗದು. ಅಷ್ಟು ನೀರು ಕುಡಿದರೂ ಬಾಯಿ ಒಣಗುವುದು ಮಾತ್ರ ಇನ್ನೂ ನಿಂತಿಲ್ಲ.