ಕ್ಯಾರ್ ಪಶ್ಚಿಮಕ್ಕೆ ತಿರುಗಿದ್ದೇಕೆ: ಚಂಡಮಾರುತದ ಜಾಡು ಹಿಡಿದ ನನ್ನ ಅನುಭವ

ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮೇ–ಜೂನ್ ತಿಂಗಳುಗಳಲ್ಲಿ, ಮತ್ತೆ ಮಳೆಗಾಲ ಹಿಂದೆ ಸರಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಈ ಎರಡೂ ಅವಧಿಗಳಲ್ಲಿ ನಾನು ಕಾರವಾರದ ಮನೆಯಲ್ಲಿ ಒಂದು ನೋಟುಪುಸ್ತಕ, ಒಂದು ನಕ್ಷೆ ಮತ್ತು ವಾಯುಭಾರಮಾಪಕ ಇಟ್ಟುಕೊಂಡು ಅವುಗಳ ಜಾಡನ್ನು ಗುರುತಿಸುತ್ತೇನೆ. ಬೈತಖೋಲ ಬಂದರಿನ ತಾಂಡೇಲರು (ಮೀನುಗಾರಿಕೆ ದೋಣಿಗಳ ನಾಯಕರು) ಮೊದಲೆಲ್ಲ "ಮಾಸ್ತರರೇ, ತೂಫಾನು ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದರು, ಈಗ "ಇದನ್ನು ಯಾರೋ ಬೇಕೆಂದೇ ಎಬ್ಬಿಸುತ್ತಾರಂತೆ, ಹೌದೇ?" ಎಂದೂ ಕೇಳುತ್ತಾರೆ. ಎರಡಕ್ಕೂ ಅದೇ ನೋಟುಪುಸ್ತಕವನ್ನು ತೆರೆಯುತ್ತೇನೆ.

ನಮ್ಮ ಭಾಗದಲ್ಲಿ ವಾಯುಭಾರ ದಿನಕ್ಕೆ ಎರಡು ಸಲ ತಾನಾಗಿಯೇ ಏರಿಳಿಯುತ್ತದೆ: ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಹೆಚ್ಚು, ನಸುಕಿನ ಮತ್ತು ಸಂಜೆಯ ನಾಲ್ಕರ ಸುಮಾರಿಗೆ ಕಡಿಮೆ. ಆದ್ದರಿಂದ ಸಂಜೆಯ ಅಂಕಿಯನ್ನು ಬೆಳಗಿನದರ ಜೊತೆಗಿಟ್ಟು ಗಾಬರಿಪಡಬಾರದು. ನಿನ್ನೆ ಅದೇ ಹೊತ್ತಿನ ಅಂಕಿಯ ಜೊತೆಗೆ ಹೋಲಿಸಬೇಕು. ಆಮೇಲೆ ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿರುವ ಅಕ್ಷಾಂಶ, ರೇಖಾಂಶಗಳನ್ನು ನಕ್ಷೆಯಲ್ಲಿ ಚುಕ್ಕೆಯಾಗಿ ಇಡುತ್ತೇನೆ. ಅಲ್ಲಿನ ಸಮಯ ಜಾಗತಿಕ ಕಾಲಮಾನದಲ್ಲಿದ್ದರೆ ಐದೂವರೆ ಗಂಟೆ ಕೂಡಿಸಬೇಕು. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ. 2021ರ ಮೇ 14ರಂದು ಲಕ್ಷದ್ವೀಪದ ಬಳಿ ವಾಯುಭಾರ ಕುಸಿತವಾಗಿ ಕಾಣಿಸಿಕೊಂಡ ತೌಕ್ತೆ ನಮ್ಮ ಕರಾವಳಿಗೆ ಸಮಾನಾಂತರವಾಗಿ ಸಾಗಿ 17ರ ರಾತ್ರಿ ಗುಜರಾತನ್ನು ಮುಟ್ಟಿದ ದಾರಿ ಈ ಚುಕ್ಕೆಗಳಲ್ಲಿ ಸ್ಪಷ್ಟವಾಗಿ ಮೂಡಿತ್ತು.

ಹೆಚ್ಚು ಚರ್ಚೆಯಾದದ್ದು 2019ರ ಅಕ್ಟೋಬರ್‌ನ ಕ್ಯಾರ್ ಚಂಡಮಾರುತ. ಅದು ಮೊದಲು ದಡದತ್ತ ಬಂದು, ಆಮೇಲೆ ಪಶ್ಚಿಮ–ವಾಯವ್ಯಕ್ಕೆ ತಿರುಗಿ ಒಮಾನ್ ದಿಕ್ಕಿಗೆ ಹೊರಟಿತು. 2007ರ ಗೋನು ನಂತರ ಅರಬ್ಬೀ ಸಮುದ್ರದಲ್ಲಿ ಸೂಪರ್ ಸೈಕ್ಲೋನ್ ಮಟ್ಟಕ್ಕೇರಿದ್ದು ಅದೇ. ಹಾಗೆ ತಿರುಗಿಸಿದವರು ಯಾರು ಎಂಬ ಪ್ರಶ್ನೆ ಸಹಜವಾಗಿತ್ತು. ಚಂಡಮಾರುತವು ತನ್ನ ಸುತ್ತಲಿನ ವಿಶಾಲ ಗಾಳಿಯ ಹರಿವಿನಲ್ಲಿ ಸಾಗುತ್ತದೆ; ಉತ್ತರಕ್ಕಿರುವ ಅಧಿಕ ಒತ್ತಡದ ವಲಯ ಬಲಗೊಂಡರೆ ಅದರ ದಾರಿ ಪಶ್ಚಿಮಕ್ಕೆ ಹೊರಳುತ್ತದೆ. ಮುಖ್ಯವಾದ ಸಂಗತಿಯೆಂದರೆ, ಈ ತಿರುವು ಮುನ್ಸೂಚನೆಯಲ್ಲಿ ಮೊದಲೇ ಇತ್ತು. ಗಾಳಿ, ನೀರಿನ ಉಷ್ಣತೆಗಳ ಲೆಕ್ಕದಿಂದ ಮುಂಚಿತವಾಗಿ ಬರೆದ ದಾರಿಯಲ್ಲೇ ಅದು ನಡೆಯಿತೆಂದ ಮೇಲೆ ಮನುಷ್ಯನ ಕೈವಾಡಕ್ಕೆ ಜಾಗವೆಲ್ಲಿದೆ? ಕೈವಾಡದ ಮಾತುಗಳು ನನಗೆ ಬಂದದ್ದೆಲ್ಲ ಘಟನೆಯಾದ ಮೇಲೆಯೇ.

ಇಂಥ ಮಾತುಗಳಲ್ಲಿ ಪದೇ ಪದೇ ಕೇಳಿಬರುವ ಹೆಸರು ಅಮೆರಿಕದ ಅಲಾಸ್ಕಾದಲ್ಲಿರುವ, ರೇಡಿಯೊ ಅಲೆಗಳಿಂದ ಸಂಶೋಧನೆ ನಡೆಸುವ ಹಾರ್ಪ್ ಕೇಂದ್ರದ್ದು. ಅದರ ಪ್ರಸಾರಕಗಳ ಒಟ್ಟು ಶಕ್ತಿ 3.6 ಮೆಗಾವಾಟ್, ಅದು ಅಧ್ಯಯನ ಮಾಡುವ ಅಯಾನುಗೋಳ (ವಾತಾವರಣದ ಮೇಲಿನ, ವಿದ್ಯುದಾವೇಶವಿರುವ ಪದರ) ಆರಂಭವಾಗುವುದು ಮೋಡಗಳಿಗಿಂತ ಬಹಳ ಮೇಲೆ, ಅರವತ್ತು ಕಿ.ಮೀ.ಗೂ ಎತ್ತರದಲ್ಲಿ. ಸಾಮಾನ್ಯ ಚಂಡಮಾರುತವೊಂದು ನೀರಾವಿ ಸಾಂದ್ರಗೊಳ್ಳುವಾಗ ಬಿಡುಗಡೆ ಮಾಡುವ ಶಾಖದ ಪ್ರಮಾಣ ಆ ಪ್ರಸಾರಕಗಳ ಶಕ್ತಿಯ ಹದಿನಾರು ಕೋಟಿ ಪಟ್ಟಿನಷ್ಟಾಗುತ್ತದೆ.

ಹಾಗೆಂದು ಹವಾಮಾನದಲ್ಲಿ ಕೈಹಾಕುವ ಪ್ರಯತ್ನಗಳೇ ನಡೆದಿಲ್ಲವೆನ್ನುವುದು ತಪ್ಪು. ನಮ್ಮ ರಾಜ್ಯವೇ 2003ರಲ್ಲಿ 'ವರುಣ', 2017ರಲ್ಲಿ 'ವರ್ಷಧಾರಿ' ಹೆಸರಿನಲ್ಲಿ ಮೋಡ ಬಿತ್ತನೆ ನಡೆಸಿದೆ. ಆದರೆ ಅದಕ್ಕೆ ಮೊದಲು ಮೋಡವಿರಬೇಕು. ಅಮೆರಿಕವು 1962ರಿಂದ 1983ರವರೆಗೆ ಸ್ಟಾರ್ಮ್‌ಫ್ಯೂರಿ ಯೋಜನೆಯಡಿ ಚಂಡಮಾರುತಗಳನ್ನು ದುರ್ಬಲಗೊಳಿಸಲು ಸಿಲ್ವರ್ ಅಯೊಡೈಡ್ ಬಿತ್ತಿ ನೋಡಿತು. ಬಿತ್ತನೆಗೆ ಬೇಕಾದ ಅತಿಶೀತಲ ನೀರು (ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದರೂ ಹೆಪ್ಪುಗಟ್ಟದ ನೀರು) ಅವುಗಳಲ್ಲಿ ತೀರ ಕಡಿಮೆಯೆಂದೂ, ಕಂಡ ಬದಲಾವಣೆಗಳು ತಾವಾಗಿಯೇ ಆಗುವಂಥವೆಂದೂ ತಿಳಿದು ಕೈಬಿಟ್ಟಿತು.

ಕೈವಾಡದ ಸಾಕ್ಷಿಯೆಂದು ತಾಂಡೇಲರು ಮೊಬೈಲಿನಲ್ಲಿ ತೋರಿಸುವ ರಾಡಾರ್ ಚಿತ್ರಗಳಲ್ಲಿ ನಾನು ಮೊದಲು ಸಮಯ ನೋಡುತ್ತೇನೆ. ಸೂರ್ಯಾಸ್ತದ ವೇಳೆ ಪಶ್ಚಿಮಕ್ಕೆ ಚಾಚಿದ ನೇರ ಗೆರೆಯಿದ್ದರೆ ಅದು ಸೂರ್ಯನ ರೇಡಿಯೊ ಅಲೆಗಳ ಗುರುತು. ಬೇರೆ ಹೊತ್ತಿನ ಅಂಥ ಗೆರೆಗಳಿಗೆ ಹೆಚ್ಚಾಗಿ ಇತರ ಪ್ರಸಾರಕಗಳ ಅಡಚಣೆಯೇ ಕಾರಣ. ಸಮಯವೂ ಸ್ಥಳವೂ ಇಲ್ಲದ ಚಿತ್ರವನ್ನು ನಾನು ಯಾರಿಗೂ ಕಳಿಸುವುದಿಲ್ಲ, ದೋಣಿ ಬಿಡುವ ನಿರ್ಧಾರಕ್ಕೆ ಅದನ್ನು ನೆಚ್ಚಬೇಡಿರೆಂದು ಅವರಿಗೂ ಹೇಳುತ್ತೇನೆ.