ಚಿನ್ನ ಹುಡುಕಲು ನಾನು ಮೊದಲು ನೋಡುವುದು ಆರ್ಸೆನಿಕ್

ರಾಯಚೂರು ಜಿಲ್ಲೆಯಲ್ಲಿ ಚಿನ್ನದ ಗಣಿ ಇರುವ ಹಟ್ಟಿ ಕಡೆಯ ಮಣ್ಣಿನ ಸ್ಯಾಂಪಲ್‌ಗಳ ಲ್ಯಾಬ್ ವರದಿಯಲ್ಲಿ ಹತ್ತಾರು ಧಾತುಗಳ ಕಾಲಂ ಇರುತ್ತವೆ, ಅದೂ ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ. ಹಾಗೇ ಓದಿದರೆ ತಲೆಗೆ ಏನೂ ಹತ್ತುವುದಿಲ್ಲ. ಅದಕ್ಕೆ ನಾನು ಮೊದಲು ಎಕ್ಸೆಲ್‌ನಲ್ಲಿ ಕಾಲಂಗಳ ಜಾಗ ಬದಲಿಸುತ್ತೇನೆ. ಯಾವ ಧಾತು ಯಾವುದರ ಜೊತೆ ಸೇರುತ್ತದೆ ಎಂದು ನೋಡಿ ಗುಂಪು ಮಾಡುವ ಈ ದಾರಿ ಹಳೆಯದೇ. ನಾರ್ವೆಯಲ್ಲಿ ಕೆಲಸ ಮಾಡಿದ ಭೂರಸಾಯನ ವಿಜ್ಞಾನಿ ವಿಕ್ಟರ್ ಗೋಲ್ಡ್‌ಶ್ಮಿಟ್ 1920ರ ದಶಕದಲ್ಲಿ ಹಾಕಿಕೊಟ್ಟದ್ದು.

ಆಮ್ಲಜನಕದ ಜೊತೆ ಸೇರಿ ಕಲ್ಲಾಗುವ ಸಿಲಿಕಾನ್, ಅಲ್ಯೂಮಿನಿಯಂ, ಟೈಟಾನಿಯಂ ಲಿಥೋಫೈಲ್. ಗಂಧಕ ಹಿಡಿಯುವ ತಾಮ್ರ, ಸತು, ಸೀಸ, ಆರ್ಸೆನಿಕ್ ಚಾಲ್ಕೋಫೈಲ್. ಕಬ್ಬಿಣದ ಜೊತೆ ಹೋಗುವ ನಿಕಲ್, ಪ್ಲಾಟಿನಂ, ಚಿನ್ನ ಸಿಡರೋಫೈಲ್. ಗಾಳಿಯಲ್ಲೇ ಉಳಿಯುವ ಅಟ್ಮೋಫೈಲ್ ಗುಂಪು ನನ್ನ ಹಾಳೆಗೆ ಬರುವುದೇ ಇಲ್ಲ.

ಭೂಮಿಯ ಚಿನ್ನದಲ್ಲಿ ಹೆಚ್ಚಿನ ಪಾಲು ಕಬ್ಬಿಣದ ಜೊತೆ ಗರ್ಭಕ್ಕೆ ಇಳಿದುಬಿಟ್ಟಿದೆ. ತೊಗಟೆಯಲ್ಲಿ ಉಳಿದದ್ದು ನೂರು ಕೋಟಿಗೆ ಕೆಲವೇ ಪಾಲು. ಆದರೆ ಇಲ್ಲಿ ಅದರ ನಡತೆಯೇ ಬೇರೆ. ಆಳದ ಬಿಸಿನೀರಿನಲ್ಲಿ ಅದು ಗಂಧಕದ ಹೆಗಲೇರಿ ಬರುತ್ತದೆ. ಕಬ್ಬಿಣ ಜಾಸ್ತಿ ಇರುವ ಕಲ್ಲು ಎದುರಾದರೆ ಗಂಧಕ ಆ ಕಬ್ಬಿಣವನ್ನು ಹಿಡಿಯುತ್ತದೆ, ಚಿನ್ನ ಅಲ್ಲೇ ಕೂರುತ್ತದೆ. ಹಟ್ಟಿಯಲ್ಲಿ ಅದರ ಪಕ್ಕ ಆರ್ಸೆನೋಪೈರೈಟ್ (ಕಬ್ಬಿಣ, ಆರ್ಸೆನಿಕ್, ಗಂಧಕ ಸೇರಿದ ಖನಿಜ) ಸಿಗುವುದು ಸುಮ್ನೆ ಅಲ್ಲ. ಅದಕ್ಕೇ ನನ್ನ ಹಾಳೆಯಲ್ಲಿ ಚಿನ್ನಕ್ಕೆ ಆರ್ಸೆನಿಕ್ ಪಕ್ಕದ ಜಾಗ. ಗೋಲ್ಡ್‌ಶ್ಮಿಟ್ ಪಟ್ಟಿಯನ್ನು ಹೀಗೆ ಮುರಿಯಲು ನನಗೇನೂ ಅಳುಕಿಲ್ಲ.

ಹಾಗಾದರೆ ನೇರ ಚಿನ್ನವನ್ನೇ ನೋಡಬಹುದಲ್ವಾ? ನೋಡುತ್ತೇನೆ, ಪೂರ್ತಿ ನಂಬುವುದಿಲ್ಲ. ಒಂದು ಕಣ ಸ್ಯಾಂಪಲ್ ಚೀಲಕ್ಕೆ ಬಿದ್ದರೆ ಅಂಕಿ ಜಿಗಿಯುತ್ತದೆ, ಬೀಳದಿದ್ದರೆ ಸೊನ್ನೆ. (ಸ್ಯಾಂಪಲ್ ತೆಗೆಯುವವರು ಉಂಗುರ ಬಿಚ್ಚಿಡಬೇಕು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.) ಆರ್ಸೆನಿಕ್ ಹಾಗಲ್ಲ. ಅದಿರು ಕೊಳೆತಾಗ ಬಿಟ್ಟುಬಂದು, ಸುತ್ತಲಿನ ಮಣ್ಣಿನ ಕಬ್ಬಿಣದ ತುಕ್ಕಿಗೆ ಅಂಟಿಕೊಳ್ಳುತ್ತದೆ. ಅದಿರಿಗಿಂತ ಅದರ ನೆರಳು ಅಗಲ.

ಇಲ್ಲೊಂದು ತೊಡಕಿದೆ. ಕೆಂಪು ಮಸಾರಿ ಮಣ್ಣಿನಲ್ಲಿ ತುಕ್ಕು ಜಾಸ್ತಿ. ಕೆಳಗೆ ಅದಿರು ಇಲ್ಲದಿದ್ದರೂ ಅದು ಆರ್ಸೆನಿಕ್ ಕೂಡಿಸಿಕೊಳ್ಳಬಹುದು. ಆದ್ದರಿಂದ ಆರ್ಸೆನಿಕ್ ಅನ್ನು ಕಬ್ಬಿಣದಿಂದ ಭಾಗಿಸಿ, ಆಮೇಲೆ ನಕ್ಷೆಗೆ ಹಾಕುತ್ತೇನೆ. ಕಪ್ಪು ಮಣ್ಣಿನ ಎರೆ ಹೊಲಗಳನ್ನು ಮಸಾರಿಯ ಜೊತೆ ಬೆರೆಸುವುದಿಲ್ಲ, ಎರಡಕ್ಕೂ ಬೇರೆ ಬೇರೆ ಹಾಳೆ.

ಲಿಥೋಫೈಲ್ ಕಾಲಂಗಳೂ ಕೆಲಸಕ್ಕೆ ಬರುತ್ತವೆ. ಟೈಟಾನಿಯಂ, ಜಿರ್ಕೋನಿಯಂ ಸುಲಭಕ್ಕೆ ಕದಲುವುದಿಲ್ಲ. ಅವೆರಡರ ಅನುಪಾತ ನೋಡಿದರೆ ಮಣ್ಣಿನ ಕೆಳಗೆ ಕಪ್ಪು ಶಿಲೆ ಇದೆಯೋ ಗ್ರಾನೈಟ್ ಇದೆಯೋ ಅಂದಾಜು ಸಿಗುತ್ತದೆ. ಆದರೆ ಚಿನ್ನವನ್ನೂ ಕರಗಿಸುವ ಆಮ್ಲ ಮಿಶ್ರಣ ಅಕ್ವಾ ರೀಜಿಯಾದಲ್ಲಿ ಜಿರ್ಕೋನಿಯಂ ಇರುವ ಖನಿಜ ಜಿರ್ಕಾನ್ ಕರಗುವುದಿಲ್ಲ. ಆ ಕಾಲಂ ಬೇಕಿದ್ದರೆ ಎಕ್ಸ್-ಕಿರಣದಿಂದ ಅಳೆಯುವ ಎಕ್ಸ್‌ಆರ್‌ಎಫ್ ಮಾಡಿಸಿ ಎಂದು ಲ್ಯಾಬ್‌ಗೆ ಮೊದಲೇ ಬರೆದುಕೊಡಿ.